‘ಸಹಿ ಹಾಕಿದರೆ ಸಾಕು’ ಅನ್ನುವವರಿಗೆ ಏನು ಹೇಳಬೇಕು?

ಪ್ರಶ್ನೆ: ನಾನು ಪಾಂಡವಪುರ ತಾಲ್ಲೂಕಿನ ಒಂದು ಹಳ್ಳಿಯವಳು. ಎಸ್ಸೆಸ್ಸೆಲ್ಸಿ ತನಕ ಓದಿದ್ದೇನೆ. ಸ್ತ್ರೀಶಕ್ತಿ ಸಂಘದ ಲೆಕ್ಕ ನಾನೇ ಬರೆಯುತ್ತೇನೆ, ಎರಡು ಹಸು ಇವೆ, ಡೇರಿಗೆ ಹಾಲು ಹಾಕುತ್ತೇನೆ. ಮುಂದಿನ ಗ್ರಾಮ ಪಂಚಾಯ್ತಿ ಎಲೆಕ್ಷನ್‌ಗೆ ನಮ್ಮ ವಾರ್ಡಿನ ಒಂದು ಸೀಟು ಮಹಿಳೆಗೆ ಬರುತ್ತೆ ಅಂತ ಮಾತಿದೆ. ನಮ್ಮ ಯಜಮಾನರ ಕಡೆಯವರು ‘ನೀನೇ ನಿಂತ್ಕೊಳಮ್ಮ, ಸಹಿ ಹಾಕಿದ್ರೆ ಸಾಕು, ಮಿಕ್ಕಿದ್ದೆಲ್ಲ ನಾವು ನೋಡ್ಕೋತೀವಿ’ ಅನ್ನುತ್ತಿದ್ದಾರೆ. ನನಗೂ ನಿಲ್ಲುವ ಆಸೆ ಇದೆ, ಆದರೆ ಬರೀ ಸಹಿ ಹಾಕೋಕೆ ಅಲ್ಲ ಮೇಡಂ. ಮನೆಯಲ್ಲಿ ಜಗಳ ಆಗದ ಹಾಗೆ ನಾನೇ ಕೆಲಸ ಮಾಡೋದು ಹೇಗೆ? ಇಲ್ಲಾಂದ್ರೆ ಈಗಲೇ ಬೇಡ ಅಂದುಬಿಡಲಾ?

ಉತ್ತರ: ಬೇಡ ಅನ್ನಬೇಡಿ. ನಿಂತುಕೊಳ್ಳಿ. ಮೊದಲು ಇದನ್ನು ಹೇಳಿಬಿಡುತ್ತೇನೆ, ಮಿಕ್ಕಿದ್ದು ಆಮೇಲೆ.

ಮೈಸೂರಿನಲ್ಲಿ ಪಂಚಾಯ್ತಿ ಸದಸ್ಯರಿಗೆ ತರಬೇತಿ ಕೊಡುವ ಕೆಲಸದಲ್ಲಿ ನಾನು ಬಹಳ ವರ್ಷದಿಂದ ಇದ್ದೇನೆ. ಮಂಡ್ಯ, ಮೈಸೂರು, ಚಾಮರಾಜನಗರ ಕಡೆಯ ಹೆಣ್ಣುಮಕ್ಕಳು ಬರುತ್ತಾರೆ. ನೀವು ಕೇಳಿದ ಪ್ರಶ್ನೆಯನ್ನೇ ಅವರೂ ಕೇಳುತ್ತಾರೆ, ಆದರೆ ಹೆಚ್ಚಿನವರು ಕೇಳುವುದು ಗೆದ್ದು ವರ್ಷ ಕಳೆದ ಮೇಲೆ. ನೀವು ನಾಮಪತ್ರ ಹಾಕುವ ಮುಂಚೆ ಕೇಳಿದ್ದೀರಿ. ಇದು ದೊಡ್ಡ ಅನುಕೂಲ. ಯಾಕೆಂದರೆ ಷರತ್ತು ಹಾಕುವ ಕಾಲ ಇದೇ. ಈಗ ಅವರಿಗೆ ನೀವು ಬೇಕು. ಸೀಟು ಮಹಿಳೆಗೆ ಬಂದರೆ ಅವರು ಯಾರೂ ಅದಕ್ಕೆ ನಿಲ್ಲೋ ಹಾಗಿಲ್ಲ, ಊರಲ್ಲಿ ನಾಲ್ಕು ಜನ ಒಪ್ಪುವ ಹೆಣ್ಣುಮಗಳು ಬೇಕು, ಅದಕ್ಕೇ ನಿಮ್ಮ ಮನೆ ಬಾಗಿಲಿಗೆ ಬಂದಿದ್ದಾರೆ. ಗೆದ್ದ ಮೇಲೆ ‘ನಾನೇ ನೋಡ್ಕೋತೀನಿ’ ಅಂದರೆ ‘ಈಗ ದೊಡ್ಡವಳಾಗಿಬಿಟ್ಟಳು’ ಅನ್ನುತ್ತಾರೆ. ಈಗಲೇ ಅಂದರೆ ಅದು ಮಾತುಕತೆ ಅನ್ನಿಸಿಕೊಳ್ಳುತ್ತದೆ.

‘ಸಹಿ ಹಾಕಿದ್ರೆ ಸಾಕು’ ಅನ್ನುವ ಮಾತು ಇದೆಯಲ್ಲ, ಅದನ್ನು ಸ್ವಲ್ಪ ಬಿಡಿಸಿ ನೋಡೋಣ. ಪಂಚಾಯ್ತಿಯಲ್ಲಿ ಸಹಿ ಅನ್ನೋದು ಸಣ್ಣ ಕೆಲಸ ಅಲ್ಲ, ಪಂಚಾಯ್ತಿಯ ಅಧಿಕಾರ ಇರೋದೇ ಅದರಲ್ಲಿ. ಗೆದ್ದ ಮೇಲೆ ನೀವು ಅಧ್ಯಕ್ಷೆಯೂ ಆಗಬಹುದು, ಅದಕ್ಕೇ ಇದನ್ನು ಹೇಳುತ್ತಿದ್ದೇನೆ. ಹಣ ಹೊರಗೆ ಹೋಗಬೇಕಾದರೆ ಪಿಡಿಒ, ಅಂದರೆ ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ ಒಪ್ಪಿದರೆ ಸಾಲದು, ಅಧ್ಯಕ್ಷರೂ ಒಪ್ಪಬೇಕು. ಈಗ ಹಣಕಾಸು ಆಯೋಗದ ಅನುದಾನವೆಲ್ಲ ಕಂಪ್ಯೂಟರ್ ಮೂಲಕವೇ ಪಾವತಿ ಆಗೋದರಿಂದ ಇಬ್ಬರ ಡಿಜಿಟಲ್ ಸಹಿಯೂ ಬೇಕು. ಆ ಸಹಿ ಒಂದು ಪೆನ್‌ಡ್ರೈವ್ ಥರದ ಡೋಂಗಲ್‌ನಲ್ಲಿ ಇರುತ್ತದೆ, ಜೊತೆಗೆ ಒಂದು ಪಿನ್ ನಂಬರ್. ಎಷ್ಟೋ ಪಂಚಾಯ್ತಿಗಳಲ್ಲಿ ಅಧ್ಯಕ್ಷೆಯ ಡೋಂಗಲ್ ಕಂಪ್ಯೂಟರ್ ಆಪರೇಟರ್ ಡ್ರಾಯರ್‌ನಲ್ಲಿ ಇರುತ್ತದೆ, ಪಿನ್ ಒಂದು ಚೀಟಿಯಲ್ಲಿ ಬರೆದು ಅದರ ಜೊತೆಗೇ ಸುತ್ತಿಟ್ಟಿರುತ್ತಾರೆ. ಆಯಮ್ಮ ಮನೆಯಲ್ಲಿ ರಾಗಿ ಒಣಗಿ ಹಾಕುತ್ತಿರುವಾಗ ಅವರ ಹೆಸರಲ್ಲಿ ಇಲ್ಲಿ ಲಕ್ಷಗಟ್ಟಲೆ ಪಾವತಿ ಆಗಿರುತ್ತದೆ. ನಾಳೆ ಆಡಿಟ್‌ನಲ್ಲಿ ಆಕ್ಷೇಪ ಬಂದರೆ ನೋಟಿಸ್ ಬರೋದು ಯಾರ ಹೆಸರಿಗೆ? ‘ನಾವು ನೋಡ್ಕೋತೀವಿ’ ಅಂದವರ ಹೆಸರು ಒಂದು ಕಾಗದದಲ್ಲೂ ಇರಲ್ಲ. ದುರುಪಯೋಗ ಸಾಬೀತಾದರೆ ಸ್ಥಾನ ಹೋಗೋದು, ಹಣ ವಸೂಲಿಗೆ ಬರೋದು ಸಹಿ ಹಾಕಿದವರ ಮೇಲೆ. ಇದನ್ನು ನಿಮ್ಮ ಯಜಮಾನರಿಗೂ ನಿಧಾನವಾಗಿ ಹೇಳಿ. ಹೆದರಿಸೋಕೆ ಅಲ್ಲ, ಇರೋ ವಿಷಯ ತಿಳಿಸೋಕೆ. ಹೆಂಡತಿ ಮೇಲೆ ಕೇಸು ಬರಬಹುದು ಅಂತ ಗೊತ್ತಾದಾಗ ಬಹಳ ಗಂಡಸರು ಹೊಸ ಕಣ್ಣಿಂದ ನೋಡೋಕೆ ಶುರು ಮಾಡುತ್ತಾರೆ, ಇದನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ.

ಈ ಪಿಡುಗು ನಮ್ಮ ಕಡೆ ಮಾತ್ರ ಅಲ್ಲ, ದೇಶದ ಉದ್ದಗಲಕ್ಕೂ ಇದೆ. 2023ರಲ್ಲಿ ವಿಷಯ ಸುಪ್ರೀಂ ಕೋರ್ಟ್ ತನಕ ಹೋಯಿತು. ಆಮೇಲೆ ಕೇಂದ್ರದ ಪಂಚಾಯತ್ ರಾಜ್ ಸಚಿವಾಲಯ ಒಂದು ಸಮಿತಿ ಮಾಡಿತು, 2025ರಲ್ಲಿ ಅದರ ವರದಿ ಬಂತು. ಹೆಂಡತಿ ಹೆಸರಲ್ಲಿ ಗಂಡ ಅಧಿಕಾರ ನಡೆಸುವುದು ಸಾಬೀತಾದರೆ ಕಠಿಣ ದಂಡನೆ ಇರಬೇಕು ಅಂತ ಆ ವರದಿ ಹೇಳಿದೆ. ದಂಡನೆ ಬಂದರೆ ಒಳ್ಳೆಯದೇ. ಆದರೆ ನನ್ನ ಅನುಭವದಲ್ಲಿ ದಂಡನೆಗಿಂತ ಜಾಸ್ತಿ ಕೆಲಸ ಮಾಡೋದು ಹೆಣ್ಣುಮಗಳ ಕೈಯಲ್ಲಿರುವ ಮಾಹಿತಿ, ಮತ್ತೆ ಅವಳ ಹಿಂದೆ ನಿಂತ ಹತ್ತು ಹೆಂಗಸರು.

ಹಾಗಾದರೆ ಏನು ಮಾಡಬೇಕು? ಪುಸ್ತಕದಿಂದ ಶುರು ಮಾಡೋಣ, ನಡಾವಳಿ ಪುಸ್ತಕದಿಂದ. ತಿಂಗಳ ಸಾಮಾನ್ಯ ಸಭೆಯಲ್ಲಿ ಏನು ತೀರ್ಮಾನ ಆಯಿತು ಅನ್ನುವುದನ್ನು ಬರೆಯುವುದು ಅದರಲ್ಲೇ. ಆಗುವುದು ಹೀಗೆ: ಸಭೆ ಅಂತ ಕರೆಯುತ್ತಾರೆ, ಕಾಫಿ ಬರುತ್ತೆ, ಖಾರ ಬೂಂದಿ ಬರುತ್ತೆ, ಎರಡು ಮಾತಾಗುತ್ತೆ, ‘ನಡಾವಳಿ ಆಮೇಲೆ ಬರೀತೀವಿ, ಸಹಿ ಮಾಡಿ ಹೋಗಿ’ ಅನ್ನುತ್ತಾರೆ. ಸದಸ್ಯರು ಖಾಲಿ ಹಾಳೆಯ ಕೆಳಗೆ ಸಹಿ ಮಾಡಿ ಎದ್ದು ಹೋಗುತ್ತಾರೆ. ಇನ್ನೂ ಕೆಲವು ಕಡೆ ಸಭೆಗೂ ಕರೆಯಲ್ಲ, ನೀರುಗಂಟಿ ಪುಸ್ತಕವನ್ನು ಕಂಕುಳಲ್ಲಿ ಇಟ್ಟುಕೊಂಡು ಮನೆ ಬಾಗಿಲಿಗೇ ಬರುತ್ತಾನೆ. ‘ಅಕ್ಕ, ಇಲ್ಲೊಂದು, ಇಲ್ಲೊಂದು’ ಅಂತ ಬೆರಳಿಟ್ಟು ತೋರಿಸುತ್ತಾನೆ. ಪಾಪ, ಅವನದೇನೂ ತಪ್ಪಿಲ್ಲ, ಕಳಿಸಿದವರು ಬೇರೆ. ಹಾಗೆ ಬಂದಾಗ ಕೂರಿಸಿ ನೀರು ಕೊಡಿ, ‘ಪುಸ್ತಕ ಆಫೀಸಲ್ಲೇ ಇರಲಿ ಕಣಪ್ಪ, ನಾನೇ ಬಂದು ಓದಿ ಸಹಿ ಮಾಡ್ತೀನಿ’ ಅಂತ ಹೇಳಿ ವಾಪಸ್ ಕಳಿಸಿ. ಒಂದು ಸಲ ಕಳಿಸಿದರೆ ಸಾಕು, ಇಡೀ ಪಂಚಾಯ್ತಿಗೆ ಸುದ್ದಿ ಮುಟ್ಟುತ್ತೆ.

ಸಭೆಯಲ್ಲಿ ಎದ್ದೇಳುವ ಮುಂಚೆ ನಡಾವಳಿ ಬರೆಸಿ, ಗಟ್ಟಿಯಾಗಿ ಓದಿಸಿ. ಕೊನೆ ಸಾಲಿನ ಕೆಳಗೆ ಒಂದು ಗೆರೆ ಎಳೆದು, ಜಾಗ ಬಿಡದೆ ಸಹಿ ಮಾಡಿ. ಫೋನಲ್ಲಿ ಪುಟದ ಫೋಟೊ ತೆಗೆದಿಟ್ಟುಕೊಳ್ಳಿ. ನಿಮಗೆ ಒಪ್ಪಿಗೆ ಇಲ್ಲದ ತೀರ್ಮಾನ ಆದರೆ ಜಗಳ ಆಡಬೇಕಿಲ್ಲ, ‘ನನ್ನ ವಿರೋಧ ಇದೆ ಅಂತ ಬರ್ಕೊಳಿ’ ಅನ್ನಿ, ಅಷ್ಟೇ. ಸಭೆಯ ನೋಟಿಸ್ ಲಿಖಿತವಾಗಿ, ಯಾವ ಯಾವ ವಿಷಯ ಅನ್ನುವ ಪಟ್ಟಿ ಸಮೇತ ಮುಂಚಿತವಾಗಿ ನಿಮ್ಮ ಕೈಗೆ ಬರಬೇಕು. ‘ನಾಳೆ ಮೀಟಿಂಗ್ ಇದೆ’ ಅಂತ ಹಿಂದಿನ ದಿನ ಸಂಜೆ ಯಜಮಾನರಿಗೆ ಫೋನ್ ಬಂದರೆ ಅದು ನೋಟಿಸ್ ಅಲ್ಲ. ಗೆದ್ದ ಮೊದಲ ವಾರವೇ ಪಂಚಾಯ್ತಿಯಲ್ಲಿ ನಿಮ್ಮ ಸ್ವಂತ ಫೋನ್ ನಂಬರ್ ಬರೆಸಿ. ಇದು ತೀರ ಸಣ್ಣದು ಅನ್ನಿಸುತ್ತೆ ಅಲ್ವಾ? ಸದಸ್ಯರ ಪಟ್ಟಿಯಲ್ಲಿ ಹೆಂಗಸರ ಹೆಸರಿನ ಮುಂದೆ ಯಾರ ನಂಬರ್ ಇದೆ ಅಂತ ಒಂದು ಸಲ ನಿಮ್ಮ ಪಂಚಾಯ್ತಿಯಲ್ಲೇ ನೋಡಿ ಬನ್ನಿ. ಆ ನಂಬರ್ ಗಂಡನದೋ ಮೈದುನನದೋ ಆಗಿದ್ದರೆ ಪಂಚಾಯ್ತಿಯ ವಾಟ್ಸಾಪ್ ಗುಂಪಲ್ಲೂ ಆ ಹೆಣ್ಣುಮಗಳು ಇರಲ್ಲ, ಟೆಂಡರ್ ವಿಷಯ, ಸುತ್ತೋಲೆ, ತರಬೇತಿಯ ಕರೆ ಯಾವುದೂ ಅವಳಿಗೆ ತಲುಪಲ್ಲ.

ಬಿಲ್ಲುಗಳ ವಿಷಯ. ನೀವು ಸಂಘದ ಲೆಕ್ಕ ಬರೆಯುವವರು, ನಿಮಗೆ ಇದು ಕಷ್ಟವೇ ಅಲ್ಲ. ಹಳ್ಳಿ ಪಂಚಾಯ್ತಿಯಲ್ಲಿ ಹಣ ಸೋರುವುದು ದೊಡ್ಡ ಕಾಮಗಾರಿಗಳಲ್ಲಿ ಮಾತ್ರ ಅಲ್ಲ. ಬೋರ್‌ವೆಲ್ ಮೋಟಾರ್ ರೀವೈಂಡಿಂಗ್, ಬೀದಿ ದೀಪದ ಬಲ್ಬು, ಬ್ಲೀಚಿಂಗ್ ಪೌಡರ್, ಚರಂಡಿ ಹೂಳು ತೆಗೆಸಿದ್ದು, ಇಂಥ ಚಿಲ್ಲರೆ ಬಿಲ್ಲುಗಳಲ್ಲೇ ಜಾಸ್ತಿ. ಒಂದೇ ಮೋಟಾರ್ ಮೂರು ತಿಂಗಳಲ್ಲಿ ಎಷ್ಟು ಸಲ ಸುಟ್ಟುಹೋಯಿತು ಅಂತ ಕೇಳಿ. ನಿಮ್ಮ ಬೀದಿಯ ಕಂಬಕ್ಕೆ ಬಲ್ಬು ಹಾಕಿದ್ದಾರೆ ಅಂತ ಬಿಲ್ಲಲ್ಲಿದ್ದರೆ ಸಂಜೆ ಹೊರಗೆ ಬಂದು ತಲೆ ಎತ್ತಿ ನೋಡಿದರೆ ಗೊತ್ತಾಗುತ್ತೆ. ಕಾಮಗಾರಿ ಬಿಲ್ಲಾದರೆ ಇಂಜಿನಿಯರ್ ಬರೆದ ಅಳತೆ ಪುಸ್ತಕ ತೋರಿಸಿ ಅನ್ನಿ, ಸ್ಥಳಕ್ಕೆ ಹೋಗಿ ನೋಡಿ, ಆಮೇಲೆ ಸಹಿ. ಇದನ್ನು ಕೋಪದಿಂದ ಮಾಡಬೇಕಿಲ್ಲ. ಸಂಘದಲ್ಲಿ ಯಾರಾದರೂ ಕಂತು ಕಟ್ಟಿದೆ ಅಂದರೆ ಪಾಸ್‌ಬುಕ್ ತನ್ನಿ ಅನ್ನುವುದಿಲ್ಲವೇ, ಅದೇ ದನಿಯಲ್ಲಿ ಕೇಳಿ. ಪಿಡಿಒ ಜೊತೆ ದ್ವೇಷ ಕಟ್ಟಿಕೊಳ್ಳುವುದು ಬೇಡ. ಒಳ್ಳೆಯ ಪಿಡಿಒಗಳು ಬೇಕಾದಷ್ಟು ಜನ ಇದ್ದಾರೆ, ನಿಯಮ ಕೇಳುವ ಅಧ್ಯಕ್ಷೆ ಇದ್ದರೆ ಅವರಿಗೂ ಒತ್ತಡ ಕಡಿಮೆ ಆಗುತ್ತೆ, ‘ಮೇಡಂ ಒಪ್ಪಲ್ಲ’ ಅಂತ ಹೇಳಿ ಅವರೂ ಪಾರಾಗಬಹುದು.

ಈಗ ಮನೆ ವಿಷಯಕ್ಕೆ ಬರೋಣ, ನಿಮ್ಮ ನಿಜವಾದ ಚಿಂತೆ ಅದೇ ಅನ್ನಿಸುತ್ತೆ ನನಗೆ. ಗಂಡ ಸಹಾಯ ಮಾಡುವುದಕ್ಕೂ ಗಂಡನೇ ಅಧಿಕಾರ ನಡೆಸುವುದಕ್ಕೂ ನಡುವೆ ಗೆರೆ ಎಲ್ಲಿ ಅಂತ ಇಬ್ಬರೂ ಕೂತು ಮಾತಾಡಿಕೊಳ್ಳಿ. ಬೈಕಿನಲ್ಲಿ ಪಂಚಾಯ್ತಿಗೆ ಬಿಟ್ಟು ಬರೋದು, ಸಭೆಯ ದಿನ ಹಸು ಕರೆದು ಡೇರಿಗೆ ಹಾಲು ಹಾಕೋದು, ಮಕ್ಕಳಿಗೆ ಮುದ್ದೆ ತಿರುವಿ ಕೊಡೋದು, ತಾಲ್ಲೂಕು ಆಫೀಸಿನಲ್ಲಿ ಯಾರನ್ನು ಕೇಳಬೇಕು ಅಂತ ಹೇಳೋದು, ಇವೆಲ್ಲ ಸಹಾಯ, ಕೇಳಿ ಪಡೆಯಿರಿ, ನಾಚಿಕೆ ಬೇಡ. ಸಭೆಯಲ್ಲಿ ಪಕ್ಕದ ಕುರ್ಚಿಯಲ್ಲಿ ಕೂರೋದು, ನಿಮ್ಮ ಪರವಾಗಿ ಮಾತಾಡೋದು, ಡೋಂಗಲ್ ಇಟ್ಟುಕೊಳ್ಳೋದು, ಗುತ್ತಿಗೆದಾರರ ಹತ್ತಿರ ‘ಮನೆಯವಳ ಸಹಿ ನಾನು ಹಾಕಿಸ್ತೀನಿ’ ಅನ್ನೋದು, ಇವು ಅಧಿಕಾರ. ಸದಸ್ಯರಲ್ಲದವರಿಗೆ ಸಾಮಾನ್ಯ ಸಭೆಯಲ್ಲಿ ಕೂತು ತೀರ್ಮಾನ ಮಾಡುವ ಹಕ್ಕಿಲ್ಲ. ಅವರು ಯಾರ ಗಂಡನಾದರೂ ಸರಿ.

ತರಬೇತಿಯಲ್ಲಿ ಒಂದು ಸಲ ಹೀಗಾಯಿತು. ಒಬ್ಬ ಸದಸ್ಯೆಯನ್ನು ‘ನಿಮ್ಮ ವಾರ್ಡಿನಲ್ಲಿ ಮೊದಲು ಆಗಬೇಕಾದ್ದು ಏನು?’ ಅಂತ ಕೇಳಿದೆ. ಹಿಂದಿನ ಸಾಲಿನಲ್ಲಿ ಕೂತಿದ್ದ ಗಂಡ ಎದ್ದು ‘ಸಿಸಿ ರಸ್ತೆ ಮೇಡಂ’ ಅಂದರು. ಅವರನ್ನು ಹೊರಗೆ ಕಾಫಿಗೆ ಕಳಿಸಿ ಮತ್ತೆ ಕೇಳಿದೆ. ಆಯಮ್ಮ ಸ್ವಲ್ಪ ಹೊತ್ತು ಸುಮ್ನೆ ಇದ್ದು, ‘ನಮ್ಮ ಬೀದಿಗೆ ನೀರು ಬೆಳಗಿನ ಜಾವ ನಾಲ್ಕಕ್ಕೆ ಬಿಡ್ತಾರೆ, ಅದನ್ನ ಆರಕ್ಕೆ ಬಿಡಿಸ್ಬೇಕು’ ಅಂದರು. ಅದಕ್ಕೆ ಒಂದು ರೂಪಾಯಿ ಖರ್ಚಿಲ್ಲ. ನಾಲ್ಕು ಗಂಟೆಗೆ ಎದ್ದು ಕೊಡ ಹಿಡಿದು ನಿಲ್ಲುವವರಿಗೆ ಮಾತ್ರ ಗೊತ್ತಿರುವ ಸಮಸ್ಯೆ ಅದು. ಮೀಸಲಾತಿ ಯಾಕೆ ಬೇಕು ಅಂತ ಯಾರಾದರೂ ನನ್ನನ್ನು ಕೇಳಿದರೆ ಈ ಮಾತನ್ನೇ ಹೇಳುತ್ತೇನೆ.

ಇದು ಬರೀ ನನ್ನ ಅಭಿಪ್ರಾಯ ಅಲ್ಲ. ರಾಘವೇಂದ್ರ ಚಟ್ಟೋಪಾಧ್ಯಾಯ ಮತ್ತು ಎಸ್ತರ್ ಡಫ್ಲೊ ಅನ್ನುವ ಅರ್ಥಶಾಸ್ತ್ರಜ್ಞರು ಪಶ್ಚಿಮ ಬಂಗಾಳ ಮತ್ತು ರಾಜಸ್ಥಾನದ ಪಂಚಾಯ್ತಿಗಳನ್ನು ಅಧ್ಯಯನ ಮಾಡಿ 2004ರಲ್ಲಿ ಪ್ರಕಟಿಸಿದರು. ಅಧ್ಯಕ್ಷ ಸ್ಥಾನ ಮಹಿಳೆಗೆ ಮೀಸಲಾದ ಕಡೆ, ಊರಿನ ಹೆಂಗಸರು ಯಾವುದು ಬೇಕು ಅಂತ ಕೇಳುತ್ತಿದ್ದರೋ ಆ ಕೆಲಸಗಳಿಗೆ, ಅದರಲ್ಲೂ ಕುಡಿಯುವ ನೀರಿಗೆ, ಜಾಸ್ತಿ ಹಣ ಹೋಗಿತ್ತು. ಬಂಗಾಳದಲ್ಲೇ ನಡೆದ, 2012ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ, ಎರಡು ಅವಧಿಗೆ ಮಹಿಳಾ ಅಧ್ಯಕ್ಷರನ್ನು ಕಂಡ ಊರುಗಳಲ್ಲಿ ತಂದೆತಾಯಿಗಳು ಹೆಣ್ಣುಮಕ್ಕಳ ಓದಿನ ಬಗ್ಗೆ ಇಟ್ಟುಕೊಳ್ಳುವ ಆಸೆಯೇ ದೊಡ್ಡದಾಗಿತ್ತು. ನಿಮಗೆ ಮಗಳಿದ್ದರೆ, ನೀವು ಆಫೀಸಿಗೆ ಹೋಗಿ ಬರುವುದನ್ನು ಅವಳು ನೋಡುತ್ತಾಳೆ, ಪಕ್ಕದ ಮನೆಯ ಮಗಳೂ ನೋಡುತ್ತಾಳೆ.

ಮಂಡ್ಯ ಜಿಲ್ಲೆಯವರಿಗೆ ಇದು ಇನ್ನೂ ಜಾಸ್ತಿ ಮುಖ್ಯ ಅಂತ ನನಗೆ ಅನ್ನಿಸುತ್ತೆ. 2023ರಲ್ಲಿ ಮಂಡ್ಯದ ಹತ್ತಿರ ಆಲೆಮನೆಯೊಂದರಲ್ಲಿ ಭ್ರೂಣಲಿಂಗ ಪತ್ತೆ ನಡೆಯುತ್ತಿದ್ದುದು ಬಯಲಾಯಿತು, ನೆನಪಿದೆ ಅಲ್ವಾ? ಅಂಥದ್ದು ನಡೆಯುವಾಗ ಊರಿಗೆ ಏನೂ ಗೊತ್ತಿರಲಿಲ್ಲ ಅಂದರೆ ನಾನು ನಂಬಲ್ಲ. ಆಶಾ ಕಾರ್ಯಕರ್ತೆಗೆ, ಅಂಗನವಾಡಿ ಟೀಚರ್‌ಗೆ ಅನುಮಾನ ಬಂದೇ ಬರುತ್ತೆ, ಆದರೆ ಹೇಳೋದು ಯಾರ ಹತ್ತಿರ? ಗಂಡಸರೇ ತುಂಬಿದ ಆಫೀಸಿಗೆ ಹೋಗಿ ಅವಳು ಇಂಥ ಮಾತು ಆಡಲ್ಲ. ಅಲ್ಲಿ ಕುರ್ಚಿಯಲ್ಲಿ ತನ್ನಂಥ ಒಬ್ಬಳು ಇದ್ದರೆ, ಬಾಗಿಲು ಮುಂದಕ್ಕೆ ಎಳೆದು ಕೂತು ಹೇಳಬಹುದು. ಪಂಚಾಯ್ತಿಯ ಸಾಮಾಜಿಕ ನ್ಯಾಯ ಸಮಿತಿಯಲ್ಲಿ ಮಹಿಳೆ ಇರಲೇಬೇಕು ಅಂತ ಕಾಯ್ದೆ ಹೇಳುತ್ತೆ. ಆ ಸಮಿತಿಯ ಸಭೆಗಳು ಹೆಚ್ಚಿನ ಕಡೆ ಕಾಗದದಲ್ಲಿ ಮಾತ್ರ ನಡೆಯುತ್ತವೆ. ನೀವು ಅದನ್ನು ನಿಜವಾಗಿ ನಡೆಸಿ, ಆಶಾ, ಅಂಗನವಾಡಿಯವರನ್ನು ಕರೆಸಿ ಮಾತಾಡಿಸಿ. ಅಧ್ಯಕ್ಷೆ ಆಗದಿದ್ದರೂ ಬರೀ ಸದಸ್ಯೆಯಾಗಿಯೇ ಇಷ್ಟು ಮಾಡಬಹುದು.

ನಿಮ್ಮ ಬಲ ಎಲ್ಲಿದೆ ಅಂದರೆ ಸಂಘದಲ್ಲಿದೆ. ಗಂಡನ ಕಡೆಯವರ ಬೆಂಬಲದ ಮೇಲೆ ಮಾತ್ರ ನಿಂತರೆ ಅವರು ಹೇಳಿದ ಹಾಗೆ ಕೇಳಲೇಬೇಕಾಗುತ್ತೆ. ಅದರ ಜೊತೆಗೆ ಹೆಂಗಸರ ಓಟು ನಿಮ್ಮದೇ ಅಂತ ಗೊತ್ತಾದರೆ ಲೆಕ್ಕ ಬದಲಾಗುತ್ತೆ. ಸಂಜೀವಿನಿ ಒಕ್ಕೂಟ, ಅಂದರೆ ಹೆಂಗಸರ ಸ್ವಸಹಾಯ ಸಂಘಗಳೆಲ್ಲ ಸೇರಿದ ಒಕ್ಕೂಟ, ನಿಮ್ಮ ಪಂಚಾಯ್ತಿ ಮಟ್ಟದಲ್ಲೂ ಇರುತ್ತೆ, ಅದರ ಸಭೆಗೆ ಹೋಗಿ. ಈಗ ಎಷ್ಟೋ ಪಂಚಾಯ್ತಿಗಳಲ್ಲಿ ಕಸದ ಗಾಡಿ ಓಡಿಸುತ್ತಿರುವುದು ಈ ಒಕ್ಕೂಟದ ಹೆಂಗಸರೇ. ಗಾಡಿ ಓಡಿಸುವ ಹೆಂಗಸು ಪ್ರತಿ ಮನೆ ಬಾಗಿಲಿಗೆ ಹೋಗುತ್ತಾಳೆ, ಊರಿನ ಸುದ್ದಿ ಅವಳಷ್ಟು ಇನ್ಯಾರಿಗೂ ಗೊತ್ತಿರಲ್ಲ. ಗೆದ್ದ ಮೇಲೆ ತಿಂಗಳಿಗೊಮ್ಮೆ, ಸಾಮಾನ್ಯ ಸಭೆಯ ಹಿಂದಿನ ಸಂಜೆ, ಇಂಥ ಏಳೆಂಟು ಹೆಂಗಸರ ಜೊತೆ ಯಾರಾದರೂ ಒಬ್ಬರ ಮನೆ ಜಗಲಿ ಮೇಲೆ ಕೂತು ‘ನಾಳೆ ಸಭೆಯಲ್ಲಿ ಏನು ಕೇಳಲಿ?’ ಅಂತ ಕೇಳಿ. ಪಂಚಾಯ್ತಿಯ ಬೇರೆ ವಾರ್ಡುಗಳಿಂದ ಗೆದ್ದ ಹೆಂಗಸರನ್ನೂ ಸೇರಿಸಿಕೊಳ್ಳಿ. ಅರ್ಧದಷ್ಟು ಸ್ಥಾನ ಹೆಂಗಸರದ್ದೇ ಆಗಿರೋದರಿಂದ ನೀವೆಲ್ಲ ಒಂದು ಮಾತಾದರೆ ಯಾವ ತೀರ್ಮಾನವೂ ನಿಮ್ಮನ್ನು ಬಿಟ್ಟು ಆಗಲ್ಲ. ಪಕ್ಷ, ಜಾತಿ, ಬೀದಿ ಜಗಳ ಎಲ್ಲ ಮಧ್ಯ ಬರುತ್ತೆ, ಗೊತ್ತು. ಎಲ್ಲದರಲ್ಲೂ ಒಂದಾಗಬೇಕಿಲ್ಲ, ನೀರು, ಶೌಚಾಲಯ, ಬೀದಿ ದೀಪ, ಕೆಲಸಕ್ಕೆ ಹೋಗುವ ತಾಯಂದಿರ ಮಕ್ಕಳನ್ನು ನೋಡಿಕೊಳ್ಳುವ ಕೂಸಿನ ಮನೆ, ಇಷ್ಟರಲ್ಲಿ ಒಂದಾಗಿ.

ವಾರ್ಡ್ ಸಭೆ, ಗ್ರಾಮ ಸಭೆಗಳನ್ನು ಬಿಡಬೇಡಿ. ಯಾವ ಕೆಲಸ ಆಗಬೇಕು, ಯಾರಿಗೆ ಮನೆ ಸಿಗಬೇಕು ಅನ್ನುವ ಪಟ್ಟಿ ಶುರುವಾಗುವುದು ಅಲ್ಲಿಂದಲೇ. ಬಂದವರಲ್ಲಿ ಶೇಕಡಾ 30ಕ್ಕೆ ಕಡಿಮೆ ಇಲ್ಲದಷ್ಟು ಹೆಂಗಸರು ಇರಬೇಕು ಅಂತ ನಮ್ಮ ಕಾಯ್ದೆಯಲ್ಲೇ ಇದೆ. ಇದಲ್ಲದೆ ಮಹಿಳಾ ಗ್ರಾಮ ಸಭೆ ಅಂತ ಬೇರೆಯೇ ನಡೆಸಬೇಕು. ಅದು ಬೆಳಿಗ್ಗೆ ಹನ್ನೊಂದಕ್ಕೆ ಇಟ್ಟರೆ ಗದ್ದೆ ಕೆಲಸಕ್ಕೆ ಹೋದವರು ಬರಲ್ಲ, ಮಧ್ಯಾಹ್ನ ಕೆಲಸ ಬಿಟ್ಟ ಮೇಲೆ, ಸಂಜೆ ಹಾಲು ಕರೆಯುವ ಹೊತ್ತಿಗೆ ಮುಂಚೆ ಇಡಿಸಿ.

ಚುನಾವಣೆಯ ಕೊಳಕು ಕಡೆಯನ್ನೂ ಹೇಳಬೇಕು. ಕೆಲವು ಊರುಗಳಲ್ಲಿ ಸೀಟನ್ನು ಹರಾಜು ಹಾಕಿ, ದೇವಸ್ಥಾನಕ್ಕೆ ಇಷ್ಟು ಕೊಟ್ಟವರು ಅವಿರೋಧ ಆಯ್ಕೆ ಅಂತ ಮಾಡುತ್ತಾರೆ. ಅದಕ್ಕೆ ಒಪ್ಪಬೇಡಿ. ಹಣ ಹಾಕಿದವರು ಬಡ್ಡಿ ಸಮೇತ ವಾಪಸ್ ತೆಗೆಯೋಕೆ ನೋಡುತ್ತಾರೆ, ತೆಗೆಯೋಕೆ ನಿಮ್ಮ ಸಹಿ ಬೇಕು. ಗೆದ್ದ ಮೇಲೆ ಅಧ್ಯಕ್ಷರ ಆಯ್ಕೆ ಹೊತ್ತಿಗೆ ಸದಸ್ಯರನ್ನೆಲ್ಲ ಟೂರ್ ಕರೆದುಕೊಂಡು ಹೋಗುವ ಪದ್ಧತಿ ಇದೆ, ನಿಮ್ಮ ಮತ ಯಾರಿಗೆ ಅಂತ ನೀವು ಊರಲ್ಲೇ ಇದ್ದು ತೀರ್ಮಾನ ಮಾಡಬಹುದು. ಇನ್ನೊಂದು, ಒಳ ಒಪ್ಪಂದ. ‘ಹತ್ತು ತಿಂಗಳು ನೀನು, ಹತ್ತು ತಿಂಗಳು ಇನ್ನೊಬ್ಬರು’ ಅಂತ ಹೇಳಿ ಮೊದಲೇ ತಾರೀಕಿಲ್ಲದ ರಾಜೀನಾಮೆ ಪತ್ರಕ್ಕೆ ಸಹಿ ಹಾಕಿಸಿಕೊಂಡಿರುತ್ತಾರೆ. ಕೆಲಸ ಕಲಿತು ಕಾಲೂರುವ ಹೊತ್ತಿಗೆ ಆ ಪತ್ರ ಉಪವಿಭಾಗಾಧಿಕಾರಿ ಟೇಬಲ್ ಮೇಲಿರುತ್ತದೆ. ಅಂಥ ಪತ್ರಕ್ಕೆ ಯಾವ ಕಾರಣಕ್ಕೂ ಸಹಿ ಹಾಕಬೇಡಿ. ಹಾಕಿಬಿಟ್ಟವರು ಇದನ್ನು ಓದುತ್ತಿದ್ದರೆ, ಕೊಟ್ಟ ರಾಜೀನಾಮೆ ಜಾರಿಗೆ ಬರುವ ಮುಂಚೆ ವಾಪಸ್ ಪಡೆಯೋಕೆ ಕಾಯ್ದೆಯಲ್ಲಿ ಕೆಲವು ದಿನದ ಅವಕಾಶ ಇದೆ, ಕೂಡಲೇ ಉಪವಿಭಾಗಾಧಿಕಾರಿ ಕಚೇರಿಗೆ ನೀವೇ ಹೋಗಿ. ಅವಿಶ್ವಾಸದ ಬೆದರಿಕೆಗೂ ಅಷ್ಟು ಬೇಗ ಹೆದರಬೇಡಿ, ಅದು ಗೆಲ್ಲಬೇಕಾದರೆ ಒಟ್ಟು ಸದಸ್ಯರಲ್ಲಿ ಮೂರನೇ ಎರಡು ಭಾಗ ಒಂದಾಗಬೇಕು.

ನೀವು ಯಾವ ಜಾತಿ ಅಂತ ಬರೆದಿಲ್ಲ, ಬರೆಯಬೇಕಾಗೂ ಇಲ್ಲ. ಆದರೆ ನೀವೋ ನಿಮ್ಮ ಪಂಚಾಯ್ತಿಯ ಇನ್ನೊಬ್ಬ ಸದಸ್ಯೆಯೋ ಪರಿಶಿಷ್ಟ ಜಾತಿ, ಪಂಗಡದವರಾಗಿದ್ದರೆ ಒಂದು ಮಾತು ಗೊತ್ತಿರಲಿ. ಪರಿಶಿಷ್ಟ ಜಾತಿ, ಪಂಗಡದ ಸದಸ್ಯರಿಗೆ ಅಥವಾ ಅಧ್ಯಕ್ಷರಿಗೆ ಕೆಲಸ ಮಾಡಲು ಬಿಡದೆ ಬೆದರಿಸುವುದು, ಅಡ್ಡಿಪಡಿಸುವುದು ದೌರ್ಜನ್ಯ ತಡೆ ಕಾಯ್ದೆಯ ಪ್ರಕಾರ ಅಪರಾಧ. 2015ರ ತಿದ್ದುಪಡಿಯಲ್ಲಿ ಇದನ್ನು ಸೇರಿಸಿದರು. ಸಭೆಯಲ್ಲಿ ಕುರ್ಚಿ ಕೊಡದೆ ನಿಲ್ಲಿಸುವುದು, ಬಾವುಟ ಹಾರಿಸಲು ಬಿಡದಿರುವುದು, ಅವರು ಕುಡಿದ ಲೋಟ ಬೇರೆ ಇಡುವುದು, ಇಂಥದ್ದನ್ನು ‘ನಮ್ಮೂರ ಪದ್ಧತಿ’ ಅಂತ ಯಾರಾದರೂ ಹೇಳಿದರೆ ಒಪ್ಪಬೇಡಿ. ನೀವು ಬೇರೆ ಜಾತಿಯವರಾದರೆ ಆಕೆಯ ಪಕ್ಕದ ಕುರ್ಚಿಯಲ್ಲಿ ಹೋಗಿ ಕೂರಿ. ಹೆಂಗಸರ ಒಗ್ಗಟ್ಟು ಅಂತ ಮಾತಾಡಿ ಇದನ್ನು ಬಿಟ್ಟರೆ ಆ ಒಗ್ಗಟ್ಟು ಅರ್ಧ ಊರಿನದ್ದು ಮಾತ್ರ.

‘ಮೀಸಲಾತಿ ಇಲ್ಲದಿದ್ರೆ ಇವರೆಲ್ಲಿ ಬರ್ತಿದ್ರು’ ಅಂತ ಹಂಗಿಸುವವರು ಸಿಗುತ್ತಾರೆ. ಆಗ ತಲೆ ತಗ್ಗಿಸಬೇಡಿ. ಈ ವಿಷಯದಲ್ಲಿ ಕರ್ನಾಟಕ ದೇಶಕ್ಕಿಂತ ಮುಂದಿತ್ತು. 1987ರಲ್ಲಿ ಮಂಡಲ ಪಂಚಾಯ್ತಿ, ಜಿಲ್ಲಾ ಪರಿಷತ್ತಿಗೆ ಚುನಾವಣೆ ಆದಾಗಲೇ ನಮ್ಮಲ್ಲಿ ಹೆಂಗಸರಿಗೆ ಶೇಕಡಾ 25 ಸ್ಥಾನ ಇತ್ತು. ಅದರ ಹಿಂದೆ ಆಗಿನ ಗ್ರಾಮೀಣಾಭಿವೃದ್ಧಿ ಸಚಿವ ಅಬ್ದುಲ್ ನಜೀರ್ ಸಾಬ್ ಇದ್ದರು, ಹಳ್ಳಿಗಳಿಗೆ ಬೋರ್‌ವೆಲ್ ಕೊಟ್ಟು ನೀರ್ ಸಾಬ್ ಅನ್ನಿಸಿಕೊಂಡವರು. ಸಂವಿಧಾನದ 73ನೇ ತಿದ್ದುಪಡಿ ಬಂದು ದೇಶಕ್ಕೆಲ್ಲ ಮೂರನೇ ಒಂದು ಭಾಗ ಅಂತ ಆಗಿದ್ದು 1993ರಲ್ಲಿ. ನಮ್ಮ ರಾಜ್ಯ ಅದನ್ನು 2010ರಲ್ಲಿ ಅರ್ಧಕ್ಕೆ ಏರಿಸಿತು. ಮೀಸಲಾತಿ ಇಲ್ಲದ ಕಾಲದಲ್ಲೂ ನಮ್ಮ ಸೀಮೆಯಲ್ಲಿ ಕೆ.ಎಸ್. ನಾಗರತ್ನಮ್ಮ ಇದ್ದರಲ್ಲ. ಆಗ ಮೈಸೂರು ಜಿಲ್ಲೆಗೇ ಸೇರಿದ್ದ ಗುಂಡ್ಲುಪೇಟೆಯಿಂದ ಮತ್ತೆ ಮತ್ತೆ ಗೆದ್ದು, 1972ರಲ್ಲಿ ವಿಧಾನಸಭೆಯ ಮೊದಲ ಮಹಿಳಾ ಸ್ಪೀಕರ್ ಆದರು. ಅಂಥವರು ಆಗ ಒಬ್ಬರೋ ಇಬ್ಬರೋ ಮಾತ್ರ ಮೇಲೆ ಬರೋಕೆ ಆಯಿತು. ಉಳಿದವರಿಗೆ ಯೋಗ್ಯತೆ ಇರಲಿಲ್ಲ ಅಂತ ಅಲ್ಲ, ಬಾಗಿಲು ತೆಗೆದಿರಲಿಲ್ಲ.

ಒಂದು ಅವಧಿ ಮುಗಿದ ಮೇಲೆ ಸೀಟು ಬದಲಾಗುತ್ತೆ. ಆಗ ‘ಈಗ ಗಂಡಸರ ಸೀಟು’ ಅಂತ ಹೇಳಿ ಮನೆಗೆ ಕಳಿಸುತ್ತಾರೆ. ಗಂಡಸರ ಸೀಟು ಅಂತ ಯಾವುದೂ ಇಲ್ಲ. ಸಾಮಾನ್ಯ ಸ್ಥಾನಕ್ಕೆ ಯಾರು ಬೇಕಾದರೂ ನಿಲ್ಲಬಹುದು, ನೀವೂ ನಿಲ್ಲಬಹುದು. ಮುಂಬೈ ಮಹಾನಗರ ಪಾಲಿಕೆಯಲ್ಲಿ 1997ರಲ್ಲಿ ಮಹಿಳೆಗೆ ಮೀಸಲಾಗಿದ್ದ ವಾರ್ಡುಗಳು 2002ರಲ್ಲಿ ಸಾಮಾನ್ಯವಾದಾಗ ಏನಾಯಿತು ಅಂತ ರಿಖಿಲ್ ಭಾವನಾನಿ ಅಧ್ಯಯನ ಮಾಡಿದ್ದಾರೆ. ಮೊದಲು ಮೀಸಲಾಗಿರದ ವಾರ್ಡಿಗೆ ಹೋಲಿಸಿದರೆ ಅಲ್ಲಿ ಹೆಂಗಸು ಗೆಲ್ಲುವ ಸಾಧ್ಯತೆ ಸುಮಾರು ಐದು ಪಟ್ಟು ಇತ್ತು. ಅಂದರೆ ಕೆಲಸ ಮಾಡಿ ತೋರಿಸಿದವರನ್ನು ಜನ ಕೈಬಿಡಲ್ಲ. ನನಗಿರುವ ಒಂದು ನೋವು ಏನೆಂದರೆ, ಮೇಲಿನ ಮೆಟ್ಟಿಲೇ ಇಲ್ಲದ ಹಾಗಾಗಿದೆ. ನಮ್ಮ ತಾಲ್ಲೂಕು, ಜಿಲ್ಲಾ ಪಂಚಾಯ್ತಿಗಳಿಗೆ 2016ರಲ್ಲಿ ಚುನಾವಣೆ ಆಗಿತ್ತು, 2021ರಲ್ಲಿ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ಇಲ್ಲದೆ ಕಳೆದುಹೋಯಿತು. ಗ್ರಾಮ ಪಂಚಾಯ್ತಿಯಲ್ಲಿ ಚೆನ್ನಾಗಿ ಕಲಿತ ಎಷ್ಟೋ ಹೆಣ್ಣುಮಕ್ಕಳು ಮುಂದಕ್ಕೆ ಹೋಗುವ ದಾರಿ ಇಲ್ಲದೆ ಮನೆಗೆ ವಾಪಸ್ಸಾದರು. ಇದು ಅನ್ಯಾಯ. ಯಾವ ಪಕ್ಷದವರೇ ನಿಮ್ಮ ಮನೆಗೆ ಓಟು ಕೇಳೋಕೆ ಬಂದರೂ ಈ ಪ್ರಶ್ನೆ ಕೇಳಿ.

ಓದು ಕಡಿಮೆ ಅನ್ನುವ ಅಳುಕು ನಿಮ್ಮ ಪ್ರಶ್ನೆಯಲ್ಲಿ ಕಾಣುತ್ತೆ. ಎಸ್ಸೆಸ್ಸೆಲ್ಸಿ ಧಾರಾಳ ಸಾಕು. ಗೆದ್ದ ಮೇಲೆ ಮೈಸೂರಿನ ಲಲಿತಮಹಲ್ ರಸ್ತೆಯಲ್ಲಿರುವ ಅಬ್ದುಲ್ ನಜೀರ್ ಸಾಬ್ ಸಂಸ್ಥೆಯ ಕಡೆಯಿಂದ ಸದಸ್ಯರಿಗೆ ತರಬೇತಿ ಇರುತ್ತೆ. ಅದಕ್ಕೆ ನೀವೇ ಬನ್ನಿ, ನಿಮ್ಮ ಬದಲು ಯಾರನ್ನೂ ಕಳಿಸಬೇಡಿ.

ಅಲ್ಲಿಯವರೆಗೆ ಕಾಯಬೇಕಾಗೂ ಇಲ್ಲ. ಈ ವಾರವೇ ಪಂಚಾಯ್ತಿಗೆ ಹೋಗಿ ಮತದಾರರ ಪಟ್ಟಿಯಲ್ಲಿ ನಿಮ್ಮ ಹೆಸರು ಸರಿಯಾಗಿದೆಯಾ ನೋಡಿ, ತಪ್ಪಿದ್ದರೆ ಈಗಲೇ ಸರಿ ಮಾಡಿಸಿ. ಹೋದ ವರ್ಷದ ಕ್ರಿಯಾ ಯೋಜನೆ ತೋರಿಸಿ ಅಂತ ಕೇಳಿ, ಊರಿನ ಯಾರು ಬೇಕಾದರೂ ಕೇಳಬಹುದು. ನಿಮ್ಮ ವಾರ್ಡಿನ ಹೆಸರಲ್ಲಿ ಏನೇನು ಬರೆದಿದ್ದಾರೆ, ಎಷ್ಟು ಹಣ ತೋರಿಸಿದ್ದಾರೆ ಅಂತ ನೋಟ್‌ಬುಕ್ಕಿನಲ್ಲಿ ಇಳಿಸಿಕೊಳ್ಳಿ, ಆಮೇಲೆ ಸಂಘದ ಇಬ್ಬರನ್ನು ಜೊತೆಗೆ ಕರೆದುಕೊಂಡು ಬೀದಿಯಲ್ಲಿ ನಡೆದು ಒಂದೊಂದನ್ನೇ ತಾಳೆ ನೋಡಿ. ಯಜಮಾನರ ಕಡೆಯವರು ಮತ್ತೆ ಮಾತಾಡೋಕೆ ಬಂದಾಗ ಆ ನೋಟ್‌ಬುಕ್ ಮುಂದಿಟ್ಟುಕೊಂಡೇ ಷರತ್ತು ಹೇಳಿ: ಸಭೆಗೆ ನಾನೊಬ್ಬಳೇ ಹೋಗುತ್ತೇನೆ, ಅಧ್ಯಕ್ಷೆ ಆದರೆ ಡೋಂಗಲ್ ನನ್ನ ಹತ್ತಿರ ಇರುತ್ತೆ, ನೋಡದ ಬಿಲ್ಲಿಗೆ ಸಹಿ ಹಾಕಲ್ಲ, ರಾಜೀನಾಮೆ ಪತ್ರ ಬರೆದುಕೊಡಲ್ಲ. ಒಪ್ಪಿದರೆ ಅವರ ಜೊತೆ ನಿಲ್ಲಿ. ಒಪ್ಪದಿದ್ದರೆ ಸಂಘದವರ ಜೊತೆ ಮಾತಾಡಿ, ಹೇಗೂ ಗ್ರಾಮ ಪಂಚಾಯ್ತಿ ಚುನಾವಣೆಗೆ ಪಕ್ಷದ ಚಿಹ್ನೆಯೂ ಇಲ್ಲ, ಟಿಕೆಟ್ಟೂ ಬೇಕಾಗಿಲ್ಲ.